ಸರಾಸರಿ ಎಷ್ಟು ಸರಿ?



ಹೋದ ತಿಂಗಳು ನಮ್ಮ ಭಾನುವಾರದ ಕನ್ನಡ ಅರ್ಧ ಗಂಟೆಗೆ ಭವಾನಿಪುರಂನಿಂದ ಒಂದು ಕರೆ ಬಂತು. ಬಿ.ಕಾಂ. ಕೊನೆಯ ವರ್ಷದ ಹುಡುಗಿ. ಅಪ್ಪ ಕುಂದಾಪುರದ ಕಡೆಯವರು, ಇಲ್ಲಿ ಟಿಫಿನ್ ಸೆಂಟರ್ ಇಟ್ಟು ಇಪ್ಪತ್ತೈದು ವರ್ಷ ಆಗಿದೆಯಂತೆ. ಹಾಡು ಕೇಳಲು ಕರೆ ಮಾಡಿದವಳು ಹಾಡಿನ ಹೆಸರು ಹೇಳಿಯಾದ ಮೇಲೂ ಫೋನ್ ಇಡಲಿಲ್ಲ. “ಅಕ್ಕಾ, ನಂಗೆ ಇನ್ವೆಸ್ಟ್‌ಮೆಂಟ್ ಅನಲಿಸ್ಟ್ ಆಗ್ಬೇಕು ಅಂತ ಆಸೆ. ಆದ್ರೆ ಪುಸ್ತಕ ತೆಗೆದ್ರೆ ಸ್ಟಾಟಿಸ್ಟಿಕ್ಸ್, ಫೈನಾನ್ಸ್, ಎಕನಾಮಿಕ್ಸ್ ಮೂರೂ ಒಟ್ಟಿಗೆ ಮೈಮೇಲೆ ಬೀಳ್ತವೆ. ಕನ್ನಡದಲ್ಲಿ ಯಾರಾದ್ರೂ ಹೇಳ್ತಾರಾ?” ಅಂದಳು.

ಹಾಡು ಹಾಕಿದ ಮೇಲೆ, ಆನ್ ಏರ್ ಅಲ್ಲದ ಹೊತ್ತಲ್ಲಿ, ನಿಜವಾದ ವಿಷಯ ಹೊರಬಂತು. ಯಾರೋ ಅವಳ ಅಪ್ಪನಿಗೆ ಒಂದು ಕಾಗದ ಕೊಟ್ಟಿದ್ದಾರೆ. ಅದರಲ್ಲಿ ದಪ್ಪ ಅಕ್ಷರದಲ್ಲಿ “ಕಳೆದ ಮೂರು ವರ್ಷದ ಸರಾಸರಿ ಲಾಭ ಶೇ. 25” ಎಂದು ಬರೆದಿದೆ. ಅಪ್ಪ ಹತ್ತು ಲಕ್ಷ ಹಾಕುವ ಯೋಚನೆಯಲ್ಲಿದ್ದಾರೆ. ಆ ಹತ್ತು ಲಕ್ಷ, ಎರಡು ವರ್ಷ ಕೆಲಸ ಮಾಡಿ ಆಮೇಲೆ ಅವಳು ಸೇರಬೇಕೆಂದಿರುವ ಎಂ.ಬಿ.ಎ.ಗೆ ಕೂಡಿಟ್ಟ ದುಡ್ಡು. “ಕಾಗದದಲ್ಲಿ ಸುಳ್ಳು ಬರೆದಿಲ್ಲ ಅಕ್ಕಾ, ಮೂರು ವರ್ಷದ ಅಂಕಿಯನ್ನೂ ಕೊಟ್ಟಿದ್ದಾರೆ. ಆದ್ರೂ ಏನೋ ಸರಿಯಿಲ್ಲ ಅನ್ಸುತ್ತೆ” ಅಂದಳು.

ನಾನು ಓದಿದ್ದು ಕನ್ನಡ ಬಿ.ಎ. ಛಂದಸ್ಸಿನ ಮಾತ್ರೆ ಎಣಿಸಿದ್ದು ಬಿಟ್ಟರೆ ಗಣಿತದ ಜೊತೆ ನನಗೆ ಹೆಚ್ಚಿನ ಸ್ನೇಹ ಇಲ್ಲ. ಆದರೆ ನಮ್ಮ ಕಾರ್ಯಕ್ರಮಕ್ಕೆ ಆಗಾಗ ಬರುವ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರನ್ನು ಹಿಡಿದು, ಎರಡು ಸಂಜೆ ನೋಟ್‌ಬುಕ್ ಇಟ್ಟುಕೊಂಡು ಕೂತೆ. ಕೇಳಿ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಆ ಹುಡುಗಿಗೆ ಬರೆದದ್ದು, ಎಲ್ಲರಿಗೂ ಇರಲಿ ಅಂತ.

ಮೊದಲು ಕಾಗದದ ಮೂರು ಅಂಕಿ ನೋಡೋಣ. ಮೊದಲ ವರ್ಷ ಶೇ. 60 ಲಾಭ. ಎರಡನೆಯ ವರ್ಷ ಶೇ. 40 ನಷ್ಟ. ಮೂರನೆಯ ವರ್ಷ ಶೇ. 55 ಲಾಭ. 60ಕ್ಕೆ 55 ಕೂಡಿಸಿ 40 ಕಳೆದರೆ 75. ಮೂರರಿಂದ ಭಾಗಿಸಿದರೆ 25. ಲೆಕ್ಕ ಸರಿಯಾಗಿದೆ ಅಲ್ವಾ? ಹಾಗಾದರೆ ಹತ್ತು ಲಕ್ಷ ರೂಪಾಯಿಯನ್ನೇ ಈ ದಾರಿಯಲ್ಲಿ ನಡೆಸಿ ನೋಡಿ. ಮೊದಲ ವರ್ಷದ ಕೊನೆಗೆ 16 ಲಕ್ಷ. ಎರಡನೆಯ ವರ್ಷ ಅದರಲ್ಲಿ ಶೇ. 40 ಹೋಯಿತು, ಅಂದರೆ 6 ಲಕ್ಷ 40 ಸಾವಿರ; ಉಳಿದದ್ದು 9 ಲಕ್ಷ 60 ಸಾವಿರ. ಮೂರನೆಯ ವರ್ಷ ಅದಕ್ಕೆ ಶೇ. 55 ಸೇರಿ 14 ಲಕ್ಷ 88 ಸಾವಿರ. ನಿಜಕ್ಕೂ ವರ್ಷಕ್ಕೆ ಶೇ. 25ರಂತೆ ಬೆಳೆದಿದ್ದರೆ 19 ಲಕ್ಷ 53 ಸಾವಿರ ಆಗಬೇಕಿತ್ತು. ನಾಲ್ಕು ಲಕ್ಷ ಅರವತ್ತೈದು ಸಾವಿರ ಎಲ್ಲಿ ಹೋಯಿತು? ಯಾರೂ ಕದ್ದಿಲ್ಲ. ಅದು ಇರಲೇ ಇಲ್ಲ.

ಕೂಡಿಸಿ ಭಾಗಿಸುವ ಸರಾಸರಿ ಪರೀಕ್ಷೆಯ ಅಂಕಕ್ಕೆ ಸರಿ, ಎತ್ತರ-ತೂಕಕ್ಕೆ ಸರಿ. ದುಡ್ಡು ಕೂಡುವುದಿಲ್ಲ, ಗುಣಿಸಿಕೊಂಡು ಬೆಳೆಯುತ್ತದೆ. ಹಾಗಾಗಿ ಇಲ್ಲಿ ಬೇಕಾದದ್ದು ಗುಣೋತ್ತರ ಸರಾಸರಿ. 1.60, 0.60, 1.55 ಈ ಮೂರನ್ನು ಗುಣಿಸಿದರೆ 1.488, ಅದರ ಘನಮೂಲ ಸುಮಾರು 1.142. ಅಂದರೆ ವರ್ಷಕ್ಕೆ ಶೇ. 14.2. ಕಾಗದದಲ್ಲಿದ್ದ 25 ಸುಳ್ಳಲ್ಲ, ಆದರೆ ಅಪ್ಪನ ಕೈಗೆ ಬರುವುದು 25 ಅಲ್ಲ. ಪತ್ರಿಕೆಯ ಜಾಹೀರಾತಿನಲ್ಲಿ ‘ಸಿ.ಎ.ಜಿ.ಆರ್.’ ಎಂಬ ನಾಲ್ಕು ಅಕ್ಷರ ನೋಡಿರುತ್ತೀರಿ, ಅದು ಈ ಎರಡನೆಯ ಲೆಕ್ಕ. ಯಾವುದೇ ಕಾಗದ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ, “ಇದು ಯಾವ ಸರಾಸರಿ ಸ್ವಾಮೀ?”

ಈ ಪಾಠಕ್ಕೆ ನಾನೇ ಫೀಸು ಕಟ್ಟಿದ್ದೇನೆ ಅನ್ನಿ. ಕೆಲವು ವರ್ಷದ ಹಿಂದೆ ಯಾರದೋ ಟಿಪ್ ನಂಬಿ ಒಂದು ಕಂಪನಿಯ ಶೇರಿಗೆ ನಲವತ್ತು ಸಾವಿರ ಹಾಕಿದೆ. ಅರ್ಧಕ್ಕೆ ಬಿತ್ತು. ಮುಂದಿನ ವರ್ಷ ಶೇ. 50 ಏರಿತು. ಬಿದ್ದಷ್ಟೇ ಏರಿತಲ್ಲ, ಲೆಕ್ಕ ಚುಕ್ತಾ ಅಂದುಕೊಂಡು ಮನೆಯಲ್ಲಿ ಪಾಯಸ ಮಾಡಿಸಿದೆ. ಖಾತೆ ನೋಡಿದರೆ ಮೂವತ್ತು ಸಾವಿರ! ಅರ್ಧಕ್ಕೆ ಬಿದ್ದದ್ದು ಮೊದಲಿನ ಜಾಗಕ್ಕೆ ಬರಬೇಕಾದರೆ ಶೇ. 50 ಅಲ್ಲ, ಶೇ. 100 ಏರಬೇಕು.

ಈಗ ನಮ್ಮೂರ ನದಿಯ ಕಡೆ ಬನ್ನಿ. ಭವಾನಿಪುರಂನಲ್ಲಿ ಇರುವವರಿಗೆ ಕೃಷ್ಣೆಯ ಪರಿಚಯ ಮಾಡಿಸಬೇಕಾಗಿಲ್ಲ. ಮಹಾಬಳೇಶ್ವರದಲ್ಲಿ ಹುಟ್ಟಿ, ನಮ್ಮ ಆಲಮಟ್ಟಿ, ನಾರಾಯಣಪುರ ದಾಟಿ, ಶ್ರೀಶೈಲ, ನಾಗಾರ್ಜುನಸಾಗರ ಹಾದು ಪ್ರಕಾಶಂ ಬ್ಯಾರೇಜಿಗೆ ಬರುವ ನೀರು ಅದು. ಊರಿನಿಂದ ಬಂದವರು ಅಂತ ಒಂದು ಅಭಿಮಾನ ಇಟ್ಟುಕೊಂಡೇ ನಾನು ಅದನ್ನು ನೋಡುತ್ತೇನೆ. ಇದೇ ಬ್ಯಾರೇಜಿನಲ್ಲಿ 2009ರ ಅಕ್ಟೋಬರಿನಲ್ಲಿ ಸುಮಾರು 11.1 ಲಕ್ಷ ಕ್ಯೂಸೆಕ್ಸ್ ನೀರು ಹರಿಯಿತು. ಇಂಥದ್ದು ಇನ್ನು ನಮ್ಮ ಕಾಲದಲ್ಲಿ ಬರುವುದಿಲ್ಲ ಅಂದವರಿದ್ದರು. ಹದಿನೈದೇ ವರ್ಷಕ್ಕೆ, 2024ರ ಸೆಪ್ಟೆಂಬರ್ ಮೊದಲ ವಾರದಲ್ಲಿ, ಸುಮಾರು 11.4 ಲಕ್ಷ ಕ್ಯೂಸೆಕ್ಸ್ ಬಂತು. ಅದೇ ದಿನಗಳಲ್ಲಿ ಬುಡಮೇರು ಉಕ್ಕಿ ಊರಿನ ಅರ್ಧ ಭಾಗ ನೀರಿನಲ್ಲಿ ನಿಂತದ್ದನ್ನು ನೀವೆಲ್ಲ ನೋಡಿದ್ದೀರಿ. ಇದೇ ನದಿಯಲ್ಲಿ ಡೆಲ್ಟಾದ ಗದ್ದೆಗೆ ನೀರು ಸಾಲದೆ ರೈತರು ಆಕಾಶ ನೋಡಿದ ವರ್ಷಗಳೂ ಇವೆ.

ಈ ಎಲ್ಲ ವರ್ಷಗಳನ್ನು ಕೂಡಿಸಿ ಭಾಗಿಸಿ “ಕೃಷ್ಣೆಯಲ್ಲಿ ಸರಾಸರಿ ಇಷ್ಟು ನೀರು” ಅಂತ ಒಂದು ಅಂಕಿ ಬರೆದರೆ, ಆ ಅಂಕಿ ನೋಡಿ ಯಾರಾದರೂ ನದಿ ದಂಡೆಯಲ್ಲಿ ಮನೆ ಕಟ್ಟುತ್ತಾರಾ? ದಂಡೆಯವರಿಗೆ ಬೇಕಾದದ್ದು ಸರಾಸರಿ ಅಲ್ಲ, ಸರಾಸರಿಯಿಂದ ನೀರು ಎಷ್ಟು ದೂರ ಹೋಗುತ್ತದೆ ಅನ್ನುವುದು. ಆ ದೂರವನ್ನು ಅಳೆಯುವ ಕೋಲಿಗೆ ಸ್ಟಾಂಡರ್ಡ್ ಡೀವಿಯೇಷನ್ ಎಂದು ಹೆಸರು, ಕನ್ನಡದ ಪಠ್ಯಗಳಲ್ಲಿ ಮಾನಕ ವಿಚಲನೆ. ಹೆಸರು ಕೇಳಿ ಹೆದರಬೇಡಿ. ಕಾಗದದ ಮೂರು ಅಂಕಿಗೆ ಮಾಡಿ ನೋಡೋಣ. ಸರಾಸರಿ 25. ಅದರಿಂದ 60 ಇರುವುದು 35 ದೂರ, ಮೈನಸ್ 40 ಇರುವುದು 65 ದೂರ, 55 ಇರುವುದು 30 ದೂರ. ಈ ದೂರಗಳನ್ನು ವರ್ಗ ಮಾಡಿ (1225, 4225, 900) ಕೂಡಿಸಿದರೆ 6350. ಮೂರರಿಂದ ಭಾಗಿಸಿ ವರ್ಗಮೂಲ ತೆಗೆದರೆ 46. ಆದರೆ ನಮ್ಮ ಸಿ.ಎ. ಸಾಹೇಬರು ಇಲ್ಲಿ ಬೆರಳು ಎತ್ತಿದರು. ನಮ್ಮ ಹತ್ತಿರ ಇರುವುದು ಮೂರೇ ವರ್ಷದ ಸ್ಯಾಂಪಲ್, ಸರಾಸರಿಯನ್ನೂ ಅದರಿಂದಲೇ ತೆಗೆದಿದ್ದೇವೆ, ಹಾಗಿರುವಾಗ ಮೂರರ ಬದಲು ಎರಡರಿಂದ ಭಾಗಿಸಬೇಕು ಅಂದರು. ಆಗ 56 ಬರುತ್ತದೆ. 25ರ ಸುತ್ತ 56ರ ತೂಗಾಟ! ತೊಟ್ಟಿಲು ಇಷ್ಟು ತೂಗಿದರೆ ಮಗು ನಿದ್ದೆ ಮಾಡುವುದಿಲ್ಲ.

ಇಲ್ಲೊಂದು ಚೆಂದದ ಸಂಬಂಧ ಇದೆ. ತೂಗಾಟ ಹೆಚ್ಚಿದಷ್ಟೂ ಕಾಗದದ ಸರಾಸರಿಗೂ ಕೈಗೆ ಬರುವ ಸರಾಸರಿಗೂ ಅಂತರ ಹೆಚ್ಚುತ್ತದೆ. ಅಂದಾಜು ಲೆಕ್ಕ ಹೇಗೆಂದರೆ ವಿಚಲನೆಯ ವರ್ಗದ ಅರ್ಧವನ್ನು ಸರಾಸರಿಯಿಂದ ಕಳೆಯುವುದು. 0.46ರ ವರ್ಗ 0.21, ಅದರ ಅರ್ಧ ಸುಮಾರು 0.106. 0.25ರಲ್ಲಿ ಅದನ್ನು ಕಳೆದರೆ 0.144, ಅಂದರೆ ಶೇ. 14.4. ನಾವು ಮೊದಲು ತೆಗೆದ 14.2ಕ್ಕೆ ಎಷ್ಟು ಹತ್ತಿರ ನೋಡಿ. ಅಪಾಯ ಅನ್ನುವುದು ಬರೀ ಎದೆಬಡಿತದ ವಿಷಯ ಅಲ್ಲ, ಅದು ದುಡ್ಡನ್ನೇ ತಿನ್ನುತ್ತದೆ ಅಂತ ನನಗೆ ಹೊಳೆದದ್ದು ಈ ಲೆಕ್ಕ ಮಾಡಿದ ಮೇಲೆ.

‘ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ’ ಅನ್ನುವ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಅದರ ಅರ್ಥ ಅಲ್ಲ. ಪ್ರತಿ ವರ್ಷವೂ ಬರುವ ಸಂಭವ ನೂರಕ್ಕೆ ಒಂದು ಎಂದು ಅರ್ಥ. ಹಾಗಿದ್ದರೆ ಮೂವತ್ತು ವರ್ಷದ ಗೃಹಸಾಲ ತೀರುವುದರೊಳಗೆ ಒಮ್ಮೆಯಾದರೂ ಬರುವ ಸಂಭವ ಎಷ್ಟು? ಬಾರದೇ ಇರುವ ಸಂಭವ 0.99ನ್ನು ಮೂವತ್ತು ಸಲ ಗುಣಿಸಿದಷ್ಟು, ಸುಮಾರು 0.74. ಹಾಗಾಗಿ ಬರುವ ಸಂಭವ ಶೇ. 26. ನಾಲ್ಕು ಮನೆಯಲ್ಲಿ ಒಂದು ಮನೆಯ ಮಾತು. ಶೇರುಪೇಟೆಯ ‘ಅಪರೂಪದ’ ಕುಸಿತಗಳೂ ಹೀಗೆಯೇ. 2008ರ ಜನವರಿಯಲ್ಲಿ 21 ಸಾವಿರದ ಹತ್ತಿರ ಇದ್ದ ಸೆನ್ಸೆಕ್ಸ್ 2009ರ ಮಾರ್ಚ್ ಹೊತ್ತಿಗೆ 8 ಸಾವಿರದ ಆಸುಪಾಸಿಗೆ ಇಳಿದಿತ್ತು. 2020ರ ಮಾರ್ಚ್ 23ರಂದು, ಕೊರೋನಾ ಭಯದಲ್ಲಿ, ಒಂದೇ ದಿನ ಶೇ. 13ಕ್ಕಿಂತ ಹೆಚ್ಚು ಬಿತ್ತು.

ನದಿಯ ವಿಷಯ ಬಿಡಲು ಮನಸ್ಸಿಲ್ಲ, ಇನ್ನೊಂದು ಹೇಳುತ್ತೇನೆ. ಕೃಷ್ಣೆ ಕೈಕೊಟ್ಟರೆ ಡೆಲ್ಟಾಕ್ಕೆ ಏನು ಗತಿ? 2015ರಲ್ಲಿ ಪಟ್ಟಿಸೀಮದಿಂದ ಗೋದಾವರಿಯ ನೀರನ್ನು ಪಂಪ್ ಮಾಡಿ, ಕಾಲುವೆಯಲ್ಲಿ ತಂದು, ಇಲ್ಲೇ ಇಬ್ರಾಹಿಂಪಟ್ನಂ ಹತ್ತಿರ ಕೃಷ್ಣೆಗೆ ಬಿಟ್ಟರು. ಎರಡು ನದಿಗಳ ಹುಟ್ಟು ಬೇರೆ, ಮೇಲಿನ ಅಣೆಕಟ್ಟುಗಳು ಬೇರೆ, ನೀರು ಬರುವ ಹೊತ್ತು ಬೇರೆ. ಗೋದಾವರಿ ತುಂಬಿ ಹರಿಯುವ ದಿನಗಳಲ್ಲಿ ಕೃಷ್ಣೆಯ ನೀರು ಇನ್ನೂ ಮೇಲಿನ ಜಲಾಶಯಗಳನ್ನು ತುಂಬುತ್ತಾ ಇರಬಹುದು. ಒಂದರ ಏರಿಳಿತಕ್ಕೂ ಇನ್ನೊಂದರ ಏರಿಳಿತಕ್ಕೂ ಎಷ್ಟು ನಂಟು ಎಂದು ಹೇಳುವ ಅಂಕಿಗೆ ಕೋರಿಲೇಷನ್ ಅಥವಾ ಸಹಸಂಬಂಧ ಎನ್ನುತ್ತಾರೆ. ಅದು ಮೈನಸ್ 1ರಿಂದ ಪ್ಲಸ್ 1ರವರೆಗೆ ಇರುತ್ತದೆ. ಎರಡೂ ಒಟ್ಟಿಗೇ ಏರಿ ಒಟ್ಟಿಗೇ ಇಳಿದರೆ 1ಕ್ಕೆ ಹತ್ತಿರ. ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಸೊನ್ನೆಗೆ ಹತ್ತಿರ. ದುಡ್ಡನ್ನು ಹಂಚಿ ಇಡಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಐದು ಸಾಫ್ಟ್‌ವೇರ್ ಕಂಪನಿಯ ಶೇರು ಕೊಂಡರೆ ಅದು ಹಂಚಿದ್ದಲ್ಲ, ಒಂದೇ ನದಿಯಲ್ಲಿ ಐದು ಕೊಡ ಅದ್ದಿದ್ದು. ಈ ವಿಚಾರವನ್ನು ಗಣಿತದಲ್ಲಿ ಕಟ್ಟಿಕೊಟ್ಟ ಹ್ಯಾರಿ ಮಾರ್ಕೊವಿಟ್ಜ್ ಅವರಿಗೆ 1990ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆದರೆ ಒಂದು ಎಚ್ಚರಿಕೆ. ದೊಡ್ಡ ಭಯ ಬಂದಾಗ ಎಲ್ಲರೂ ಎಲ್ಲವನ್ನೂ ಮಾರುತ್ತಾರೆ, ಆಗ ಬೇರೆ ಬೇರೆ ಅಂದುಕೊಂಡ ಶೇರುಗಳೂ ಕೈ ಕೈ ಹಿಡಿದು ಬೀಳುತ್ತವೆ. 2008ರಲ್ಲೂ 2020ರಲ್ಲೂ ಆದದ್ದು ಅದೇ.

ಸರಿ, ಸ್ಟಾಟಿಸ್ಟಿಕ್ಸ್ ಸಾಕು. ಫೈನಾನ್ಸ್‌ಗೆ ಬಡ್ಡಿಯೇ ಬಾಗಿಲು. ‘ಬಡ್ಡಿ’ ಅನ್ನುವುದು ‘ವೃದ್ಧಿ’ಯ ತದ್ಭವ ಅಂತ ಬಿ.ಎ.ಯಲ್ಲಿ ಬಾಯಿಪಾಠ ಮಾಡಿದ್ದೆವು, ಆಗ ಅದು ಎರಡು ಅಂಕದ ಪ್ರಶ್ನೆ ಮಾತ್ರ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗ, ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿದ್ದರು. ಆ ಎರಡಾಣೆಯ ಹಿಂದಿದ್ದ ತತ್ವವೇ ಫೈನಾನ್ಸಿನ ಮೂಲಸೂತ್ರ: ಇವತ್ತಿನ ರೂಪಾಯಿ ನಾಳೆಯ ರೂಪಾಯಿಗಿಂತ ದೊಡ್ಡದು. ಎಷ್ಟು ದೊಡ್ಡದು ಅನ್ನುವುದನ್ನು ಬಡ್ಡಿ ಹೇಳುತ್ತದೆ. ಶೇ. 8 ಬಡ್ಡಿ ಸಿಗುವ ಕಾಲದಲ್ಲಿ, ಐದು ವರ್ಷದ ನಂತರ ಸಿಗುವ ಒಂದು ಲಕ್ಷದ ಇಂದಿನ ಬೆಲೆ ಸುಮಾರು 68 ಸಾವಿರ. ಏಕೆಂದರೆ ಇವತ್ತು 68 ಸಾವಿರ ಇಟ್ಟರೆ ಅದು ಐದು ವರ್ಷಕ್ಕೆ ಲಕ್ಷ ಆಗುತ್ತದೆ.

ಇದನ್ನು ಟಿಫಿನ್ ಸೆಂಟರಿಗೆ ತರೋಣ. ಒಂದು ಹೊಸ ದೊಡ್ಡ ಗ್ರೈಂಡರಿಗೆ ಒಂದು ಲಕ್ಷ. ಅದರಿಂದ ವರ್ಷಕ್ಕೆ ಮೂವತ್ತು ಸಾವಿರ ಕೂಲಿ ಉಳಿಯುತ್ತದೆ, ನಾಲ್ಕು ವರ್ಷ ಬಾಳುತ್ತದೆ. ನಾಲ್ಕು ಮೂವತ್ತು ಒಂದು ಲಕ್ಷ ಇಪ್ಪತ್ತು ಸಾವಿರ, ಇಪ್ಪತ್ತು ಸಾವಿರ ಲಾಭ ಅಂತ ಗಲ್ಲಾದಲ್ಲಿ ಕೂತವರು ಹೇಳುತ್ತಾರೆ. ಆದರೆ ಅದು ನಾಳೆ, ನಾಡಿದ್ದು ಬರುವ ದುಡ್ಡು. ಸಾಲ ತಂದದ್ದು ಶೇ. 12ರ ಬಡ್ಡಿಗೆ ಆದರೆ, ಆ ನಾಲ್ಕು ಮೂವತ್ತು ಸಾವಿರಗಳ ಇಂದಿನ ಬೆಲೆ ಒಟ್ಟು 91 ಸಾವಿರ ಚಿಲ್ಲರೆ. ಒಂದು ಲಕ್ಷ ಕೊಟ್ಟು 91 ಸಾವಿರದ ವಸ್ತು ಕೊಂಡ ಹಾಗೆ. ಅದೇ ಎಫ್.ಡಿ.ಯಲ್ಲಿ ಶೇ. 7 ತರುತ್ತಿದ್ದ ಸ್ವಂತ ದುಡ್ಡಾದರೆ, ಇಂದಿನ ಬೆಲೆ 1 ಲಕ್ಷದ 1,600 ರೂಪಾಯಿ, ಕೂದಲೆಳೆಯಲ್ಲಿ ಲಾಭ. ಇದಕ್ಕೆ ನೆಟ್ ಪ್ರೆಸೆಂಟ್ ವ್ಯಾಲ್ಯೂ ಎನ್ನುತ್ತಾರೆ. ಗ್ರೈಂಡರ್ ಅದೇ, ಕೂಲಿ ಅದೇ, ಬಡ್ಡಿ ಬದಲಾದರೆ ತೀರ್ಮಾನವೇ ತಲೆಕೆಳಗು.

ಇಲ್ಲಿಂದ ಎಕನಾಮಿಕ್ಸ್ ತಾನಾಗಿಯೇ ಶುರುವಾಗುತ್ತದೆ. ದೇಶದ ತುಂಬ ಲಕ್ಷಾಂತರ ಜನ ಇಂಥದ್ದೇ ಗ್ರೈಂಡರ್ ಲೆಕ್ಕ ಹಾಕುತ್ತಿರುತ್ತಾರೆ, ಒಬ್ಬರದ್ದು ಸಕ್ಕರೆ ಕಾರ್ಖಾನೆ, ಇನ್ನೊಬ್ಬರದ್ದು ಲಾರಿ. ರಿಸರ್ವ್ ಬ್ಯಾಂಕ್ ರೆಪೋ ದರವನ್ನು ಏರಿಸಿದರೆ ಎಷ್ಟೋ ಗ್ರೈಂಡರುಗಳು ಅಂಗಡಿಯಲ್ಲೇ ಉಳಿಯುತ್ತವೆ, ಇಳಿಸಿದರೆ ಮಾರಾಟವಾಗುತ್ತವೆ. 2020ರ ಮೇನಲ್ಲಿ ಶೇ. 4ಕ್ಕೆ ಇಳಿದಿದ್ದ ರೆಪೋ 2023ರ ಫೆಬ್ರವರಿ ಹೊತ್ತಿಗೆ 6.5ಕ್ಕೆ ಏರಿತ್ತು, 2025ರ ಫೆಬ್ರವರಿಯಿಂದ ಮತ್ತೆ ಇಳಿಕೆ ಶುರುವಾಯಿತು. ಏರಿಸಿದ್ದಕ್ಕೆ ಮುಖ್ಯ ಕಾರಣ ಹಣದುಬ್ಬರ. ಎಫ್.ಡಿ.ಯಲ್ಲಿ ಶೇ. 7 ಬರುತ್ತಿದ್ದು, ಅಕ್ಕಿ-ಬೇಳೆ ಬೆಲೆ ಶೇ. 5 ಏರುತ್ತಿದ್ದರೆ, ನಿಮ್ಮ ನಿಜವಾದ ಗಳಿಕೆ ಶೇ. 2ಕ್ಕಿಂತ ಸ್ವಲ್ಪ ಕಡಿಮೆ. ಅದರ ಮೇಲೆ ತೆರಿಗೆ ಬೇರೆ.

ಬಾಂಡಿನ ಬೆಲೆ ಬಡ್ಡಿ ಏರಿದರೆ ಯಾಕೆ ಇಳಿಯುತ್ತದೆ ಅಂತ ಬಹಳ ಜನ ತಲೆ ಕೆರೆದುಕೊಳ್ಳುತ್ತಾರೆ. ನಿಮ್ಮ ಹತ್ತಿರ ವರ್ಷಕ್ಕೆ 7 ರೂಪಾಯಿ ಕೊಡುವ, ನೂರು ರೂಪಾಯಿಯ ಹತ್ತು ವರ್ಷದ ಬಾಂಡ್ ಇದೆ. ನಾಳೆ ಮಾರುಕಟ್ಟೆಗೆ 8 ರೂಪಾಯಿ ಕೊಡುವ ಹೊಸ ಬಾಂಡ್ ಬಂದರೆ ನಿಮ್ಮದನ್ನು ನೂರಕ್ಕೆ ಯಾರು ಕೊಳ್ಳುತ್ತಾರೆ? ಲೆಕ್ಕ ಹಾಕಿದರೆ 93 ರೂಪಾಯಿ 29 ಪೈಸೆಗೆ ಕೊಳ್ಳುತ್ತಾರೆ. 2023ರ ಮಾರ್ಚಿನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಕುಸಿದದ್ದಕ್ಕೆ ದೊಡ್ಡ ಕಾರಣ ಇಷ್ಟು ಸರಳ ಲೆಕ್ಕ.

ಶೇರಿನ ಪಿ.ಇ. ಅನುಪಾತಕ್ಕೂ ಟಿಫಿನ್ ಸೆಂಟರೇ ಸಾಕು. ವರ್ಷಕ್ಕೆ ಎಲ್ಲ ಖರ್ಚು ಕಳೆದು 6 ಲಕ್ಷ ಉಳಿಯುತ್ತದೆ ಅನ್ನಿ. ಯಾರೋ 60 ಲಕ್ಷಕ್ಕೆ ಕೇಳುತ್ತಾರೆ. ಗಳಿಕೆಯ ಹತ್ತು ಪಟ್ಟು, ಅಂದರೆ ಪಿ.ಇ. 10. ಅದನ್ನೇ ಸಾವಿರ ಶೇರು ಮಾಡಿದರೆ ಶೇರಿಗೆ ಗಳಿಕೆ 600, ಬೆಲೆ 6,000. ಎರಡು ಸಾವಿರ ಮಾಡಿದರೆ ಗಳಿಕೆ 300, ಬೆಲೆ 3,000. ಹೋಟೆಲು ಅದೇ ಒಂದು. ಶೇರಿನ ಸಂಖ್ಯೆ ನೋಡಿ ಮೋಸ ಹೋಗುವವರನ್ನು ನಾನು ಕಣ್ಣಾರೆ ಕಂಡದ್ದು 2020ರಲ್ಲಿ. ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, ನಮ್ಮ ಪಕ್ಕದ ಮಚಿಲಿಪಟ್ಟಣದಲ್ಲಿ 1923ರಲ್ಲಿ ಪಟ್ಟಾಭಿ ಸೀತಾರಾಮಯ್ಯನವರು ಕಟ್ಟಿದ ಆಂಧ್ರ ಬ್ಯಾಂಕ್, ಎರಡೂ ಆ ವರ್ಷದ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಸಾವಿರ ಕಾರ್ಪೊರೇಷನ್ ಶೇರಿಗೆ 330, ಸಾವಿರ ಆಂಧ್ರ ಬ್ಯಾಂಕ್ ಶೇರಿಗೆ 325 ಯೂನಿಯನ್ ಶೇರು. “ಆರುನೂರ ಎಪ್ಪತ್ತು ಶೇರು ನುಂಗಿದರು ಮಾರಾಯ್ರೇ” ಅಂತ ಒಬ್ಬ ಹಿರಿಯರು ನನ್ನ ಮುಂದೆ ಸಂಕಟ ತೋಡಿಕೊಂಡರು. ಕೇಳಬೇಕಾದದ್ದು ಎಷ್ಟು ಶೇರು ಹೋಯಿತು ಅಂತ ಅಲ್ಲ, ಕೊಟ್ಟ ಸಾವಿರದ ಒಟ್ಟು ಬೆಲೆ ಎಷ್ಟಿತ್ತು, ಬಂದ 330ರದ್ದು ಎಷ್ಟು ಅಂತ. ಬ್ಯಾಂಕಿನ ಹೆಸರು ಹೋದ ದುಃಖ ಬೇರೆ, ಅದು ನನಗೂ ಇದೆ.

ಇನ್ನು ಶೇರು ಅಂದ ಕೂಡಲೇ ಯಾರಾದರೂ ಇನ್ಫೋಸಿಸ್ ಕಥೆ ತೆಗೆಯುತ್ತಾರೆ. 1993ರಲ್ಲಿ 95 ರೂಪಾಯಿಗೆ ಶೇರು ಬಿಟ್ಟಾಗ ಕೊಳ್ಳುವವರು ಸಾಲದೆ, ಮಾರ್ಗನ್ ಸ್ಟಾನ್ಲಿ ಶೇ. 13ರಷ್ಟು ಪಾಲು ಎತ್ತಿಕೊಂಡಿತು. ಪೇಟೆಗೆ ಬಂದದ್ದು 145ಕ್ಕೆ. ಆಮೇಲಿನದ್ದು ನಿಮಗೆ ಗೊತ್ತು. ಕಥೆ ನಿಜ, ಆದರೆ ಅದರಿಂದ ತೆಗೆಯುವ ನೀತಿ ತಪ್ಪು. ಆ ಕಾಲದಲ್ಲಿ ಶೇರು ಬಿಟ್ಟು ಹೇಳಹೆಸರಿಲ್ಲದೆ ಹೋದ ಕಂಪನಿಗಳ ಕಥೆ ಹೇಳಲು ಯಾರೂ ಉಳಿದಿಲ್ಲ. ಬೆಸೆಂಟ್ ರೋಡಿನಲ್ಲಿ ಇವತ್ತು ಬೋರ್ಡು ಇರುವ ಹೋಟೆಲುಗಳನ್ನು ಮಾತ್ರ ಎಣಿಸಿ “ಹೋಟೆಲಿನಲ್ಲಿ ನಷ್ಟವೇ ಇಲ್ಲ” ಅಂದ ಹಾಗೆ. ಸ್ಟಾಟಿಸ್ಟಿಕ್ಸಿನವರು ಇದನ್ನು ಸರ್ವೈವರ್‌ಷಿಪ್ ಬಯಾಸ್ ಅನ್ನುತ್ತಾರೆ, ‘ಉಳಿದವರ ಲೆಕ್ಕ’ ಅನ್ನಬಹುದು ನಾವು.

ಕೊನೆಗೆ, ಅನಲಿಸ್ಟ್ ಆಗುವವರು ಮರೆಯಬಾರದ ಒಂದು ದಿನಾಂಕ: 2009ರ ಜನವರಿ 7. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಅವರು ಬರೆದ ಪತ್ರ ಹೊರಬಂದ ದಿನ. ಪುಸ್ತಕದಲ್ಲಿ ತೋರಿಸಿದ್ದ ನಗದು 5,361 ಕೋಟಿ. ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಅವರೇ ಬರೆದಿದ್ದರು. ಹಿಂದಿನ ಸೆಪ್ಟೆಂಬರಿಗೆ ಮುಗಿದ ಮೂರು ತಿಂಗಳಲ್ಲಿ ಕಾರ್ಯಾಚರಣೆಯ ಲಾಭ 649 ಕೋಟಿ ಎಂದು ತೋರಿಸಿದ್ದು. ನಿಜಕ್ಕೂ ಇದ್ದದ್ದು 61 ಕೋಟಿ. ಹಿಂದಿನ ದಿನ 179 ರೂಪಾಯಿ ಇದ್ದ ಶೇರು ಆ ಸಂಜೆಗೆ 40. ಒಳ್ಳೆಯ ಆಡಳಿತಕ್ಕೆ ಎಂದು ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದು ಕೆಲವೇ ತಿಂಗಳಾಗಿತ್ತು! ನಮ್ಮ ಸಿ.ಎ. ಹೇಳುವುದು ಹೀಗೆ: ಲಾಭ ಅನ್ನುವುದು ಒಂದು ಅಭಿಪ್ರಾಯ, ಪುಸ್ತಕ ಬರೆಯುವವರ ಅಂದಾಜು ಅದರಲ್ಲಿ ಸೇರಿರುತ್ತದೆ. ನಗದನ್ನು ಮಾತ್ರ ಬ್ಯಾಂಕಿಗೆ ಹೋಗಿ ಎಣಿಸಬಹುದು. ಎಣಿಸಬೇಕಾದವರು ಎಣಿಸಲಿಲ್ಲ. ಹಾಗಾಗಿ ವಾರ್ಷಿಕ ವರದಿ ಕೈಗೆ ಬಂದರೆ ಲಾಭದ ಪುಟಕ್ಕಿಂತ ಮೊದಲು ಕ್ಯಾಶ್ ಫ್ಲೋ ಪುಟ ತೆರೆಯಬೇಕು. ವರ್ಷ ವರ್ಷವೂ ಲಾಭ ಏರುತ್ತಾ ಇದ್ದು, ವ್ಯವಹಾರದಿಂದ ಬರುವ ನಗದು ಏರದಿದ್ದರೆ ಅಲ್ಲಿ ಏನೋ ಇದೆ.

ಇದು ದೊಡ್ಡ ಕಂಪನಿಗಳ ಮಾತಾಯಿತು ಅನ್ನಬೇಡಿ. ವಿಜಯವಾಡದಲ್ಲೇ ಕೇಂದ್ರ ಇದ್ದ ಅಗ್ರಿಗೋಲ್ಡ್ ಪ್ರಕರಣದಲ್ಲಿ ಸುಮಾರು 32 ಲಕ್ಷ ಜನರಿಂದ 6,380 ಕೋಟಿ ಸಂಗ್ರಹವಾಗಿತ್ತು ಎಂದು ಇ.ಡಿ. ಹೇಳಿದೆ. ಅದರಲ್ಲಿ ಕರ್ನಾಟಕದವರೂ ಇದ್ದರು. ನಿವೇಶನ ಕೊಡುತ್ತೇವೆ, ಇಲ್ಲವೇ ಒಳ್ಳೆಯ ಪ್ರತಿಫಲ ಕೊಡುತ್ತೇವೆ ಎನ್ನುವ ಮಾತು ನಂಬಿ ದಿನಗೂಲಿಯವರೂ ದುಡ್ಡು ಹಾಕಿದ್ದರು. ಅಲ್ಲಿಯೂ ಕೇಳಬೇಕಿದ್ದ ಪ್ರಶ್ನೆ ಒಂದೇ. ನನಗೆ ಕೊಡುವ ಈ ಬಡ್ಡಿ ಯಾವ ವ್ಯವಹಾರದ ನಗದಿನಿಂದ ಬರುತ್ತದೆ? ನನ್ನ ಹಿಂದೆ ನಿಂತವರ ಜೇಬಿನಿಂದಲಾ?

ಈಗ ಭವಾನಿಪುರಂನ ಹತ್ತು ಲಕ್ಷಕ್ಕೆ ವಾಪಸ್ ಬರೋಣ. ಶೇ. 7ರ ಎಫ್.ಡಿ.ಯಲ್ಲಿ ಮೂರು ವರ್ಷ ಇಟ್ಟರೆ 12 ಲಕ್ಷ 25 ಸಾವಿರ. ಕಾಗದದ ಯೋಜನೆಯಲ್ಲಿ 14 ಲಕ್ಷ 88 ಸಾವಿರ. ನ್ಯಾಯವಾಗಿ ಹೇಳಬೇಕೆಂದರೆ ಮೂರು ವರ್ಷಕ್ಕೆ ಕಾಗದದ್ದೇ ಹೆಚ್ಚು, ಮುಂದೆಯೂ ಹಾಗೇ ನಡೆದರೆ. ಆದರೆ ಹುಡುಗಿಗೆ ಫೀಸು ಕಟ್ಟಬೇಕಾದದ್ದು ಎರಡು ವರ್ಷಕ್ಕೆ. ಎರಡನೆಯ ವರ್ಷದ ಕೊನೆಗೆ ಎಫ್.ಡಿ.ಯಲ್ಲಿ 11 ಲಕ್ಷ 45 ಸಾವಿರ ಇರುತ್ತದೆ, ಕಾಗದದ ದಾರಿಯಲ್ಲಿ 9 ಲಕ್ಷ 60 ಸಾವಿರ. ಹಾಕಿದ್ದಕ್ಕಿಂತ ಕಡಿಮೆ, ಅದೂ ಅಡ್ಮಿಷನ್ ತಿಂಗಳಲ್ಲಿ. ಅಪಾಯ ಅನ್ನುವುದು ಯೋಜನೆಯೊಳಗೆ ಮಾತ್ರ ಇರುವುದಿಲ್ಲ, ದುಡ್ಡು ಯಾವಾಗ ಬೇಕು ಅನ್ನುವುದರಲ್ಲಿಯೂ ಇರುತ್ತದೆ. ಹದಿನೈದು ವರ್ಷ ಮುಟ್ಟದ ದುಡ್ಡಾಗಿದ್ದರೆ ನಾನು ಬೇರೆ ಮಾತು ಆಡುತ್ತಿದ್ದೆನೋ ಏನೋ.

ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಹುಡುಗಿಗೆ ಕಳಿಸಿದೆ. ಕಳೆದ ಭಾನುವಾರ ಮತ್ತೆ ಕರೆ ಬಂತು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅಪ್ಪನ ಎದುರು ಕೂತು 10, 16, 9.60 ಅಂತ ಬರೆದು ತೋರಿಸಿದಳಂತೆ. ಅಪ್ಪ ಬಹಳ ಹೊತ್ತು ನೋಡಿ, “ಮೊದಲ ವರ್ಷ ಹದಿನಾರು ಆದಾಗಲೇ ತೆಗೆದ್ರೆ?” ಅಂದರಂತೆ. ಇಪ್ಪತ್ತೈದು ವರ್ಷ ಗಲ್ಲಾದಲ್ಲಿ ಕೂತವರ ಪ್ರಶ್ನೆ! “ಎರಡನೇ ವರ್ಷ ಬೀಳುತ್ತೆ ಅಂತ ಮೊದಲನೇ ವರ್ಷವೇ ಯಾರಿಗೆ ಗೊತ್ತಿತ್ತಪ್ಪಾ” ಅಂದಳಂತೆ ಮಗಳು. ಅವರು ಏನೂ ಹೇಳಲಿಲ್ಲ. ಕಾಗದವನ್ನು ಮಡಚಿ ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ ಇಟ್ಟಿದ್ದಾರೆ, ಇನ್ನೂ ಹರಿದಿಲ್ಲ.

ಅವಳಿಗೆ ಈಗ ಬೀಟಾ ಅಂದರೇನು ಅಂತ ತಿಳಿಯಬೇಕಂತೆ. ಸಿ.ಎ. ಸಾಹೇಬರು ಬರುವ ಭಾನುವಾರ ಸ್ಟುಡಿಯೋಗೆ ಬರಲು ಒಪ್ಪಿದ್ದಾರೆ. ನಿಮ್ಮ ಮನೆಯಲ್ಲೂ ಇಂಥ ಕಾಗದ ಏನಾದರೂ ಇದ್ದರೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಫೋನ್ ಮಾಡಿ.